ಎಂಬಿಎಯಲ್ಲಿ ಈ ಪೇಪರ್‌ಗಳೇ ಏಕೆ ಕಡ್ಡಾಯ?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಎಂಬಿಎ ಪರೀಕ್ಷೆ ಬರೆದವರಿಗೆ ಪ್ರಶ್ನೆಪತ್ರಿಕೆಯ ತಲೆಯ ಮೇಲಿನ ಸೂಚನೆ ಬಾಯಿಪಾಠವಾಗಿರುತ್ತದೆ: ಒಂದರಿಂದ ಏಳರೊಳಗೆ ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ, ಎಂಟನೆಯದು ಕಡ್ಡಾಯ. ಆ ಎಂಟನೆಯದೇ ಕೇಸ್ ಸ್ಟಡಿ. ಒಟ್ಟು ಐದು ಪ್ರಶ್ನೆ, ತಲಾ 20 ಅಂಕ, ಮೂರು ಗಂಟೆ. ಲೆಕ್ಕ ಹಾಕಿದರೆ ಕೇಸಿಗೆ ಸಿಗುವುದು 36 ನಿಮಿಷ. ಒಂದು ಕಂಪನಿಯ ಸಂಕಟವನ್ನು ಓದಿ, ಅಳೆದು, ತೀರ್ಮಾನ ಬರೆದು ಮುಗಿಸಲು ಅಷ್ಟೇ ಹೊತ್ತು. ಈ ಪ್ರಶ್ನೆ ಇಲ್ಲಿಗೆ ಹೇಗೆ ಬಂತು, ಅದರ ಸುತ್ತ ಇರುವ ಅಕೌಂಟಿಂಗ್, ಸ್ಟಾಟಿಸ್ಟಿಕ್ಸ್, ಓಬಿ (ಆರ್ಗನೈಸೇಷನಲ್ ಬಿಹೇವಿಯರ್, ಅಂದರೆ ಸಂಸ್ಥೆಯೊಳಗಿನ ಜನರ ನಡವಳಿಕೆ) ಪೇಪರ್‌ಗಳು ಹೇಗೆ ಬಂದವು ಎಂದು ನೋಡಹೊರಟರೆ ಅಮೆರಿಕದವರೆಗೆ ಹೋಗಬೇಕಾಗುತ್ತದೆ.

ಪದವಿಯ ನಂತರದ ಓದಾಗಿ ವ್ಯವಹಾರ ಶಿಕ್ಷಣವನ್ನು ಮೊದಲು ಶುರುಮಾಡಿದ್ದು ಡಾರ್ಟ್‌ಮತ್ ಕಾಲೇಜಿನ ಟಕ್ ಶಾಲೆ, 1900ರಲ್ಲಿ. ಅದು ಕೊಡುತ್ತಿದ್ದ ಪದವಿಯ ಹೆಸರು ಮಾಸ್ಟರ್ ಆಫ್ ಕಮರ್ಷಿಯಲ್ ಸೈನ್ಸ್. ಎಂಬಿಎ ಎಂಬ ಹೆಸರು ಬಂದದ್ದು ಹಾರ್ವರ್ಡ್‌ನಿಂದ. 1908ರಲ್ಲಿ ಅಲ್ಲಿ ತರಗತಿ ಆರಂಭವಾದಾಗ ಕಡ್ಡಾಯವಾಗಿದ್ದದ್ದು ಮೂರೇ ವಿಷಯ: ಲೆಕ್ಕಶಾಸ್ತ್ರದ ತತ್ವಗಳು, ವಾಣಿಜ್ಯ ಕರಾರುಗಳು, ಅಮೆರಿಕದ ಆರ್ಥಿಕ ಸಂಪನ್ಮೂಲಗಳು. ಉಳಿದದ್ದೆಲ್ಲ ಆಯ್ಕೆ. ಬ್ಯಾಂಕಿಂಗ್, ರೈಲ್ವೆ, ಕಾರ್ಖಾನೆ ಸಂಘಟನೆ ಹೀಗೆ ಯಾವ ಉದ್ಯಮಕ್ಕೆ ಹೋಗುತ್ತೀರೋ ಅದರ ಪಾಠ. ಇವತ್ತು ಯಾವ ಕಾಲೇಜೂ ಬಿಡದ ಸ್ಟಾಟಿಸ್ಟಿಕ್ಸ್ ಆಗಲಿ, ಎಚ್‌ಆರ್ ಆಗಲಿ ಆ ಕಡ್ಡಾಯ ಪಟ್ಟಿಯಲ್ಲಿ ಇರಲಿಲ್ಲ. ಮೂರರಲ್ಲಿ ಇಂದಿಗೂ ಅಲುಗಾಡದೆ ಕೂತಿರುವುದು ಅಕೌಂಟಿಂಗ್ ಒಂದೇ.

1919ರಲ್ಲಿ ಹಾರ್ವರ್ಡ್‌ನ ಡೀನ್ ಆದ ವಾಲೇಸ್ ಡೊನಾಮ್ ಕಾನೂನು ಓದಿ ಬಂದವರು. ಕಾನೂನು ಶಾಲೆಯಲ್ಲಿ ಹಳೆಯ ತೀರ್ಪುಗಳನ್ನಿಟ್ಟುಕೊಂಡು ಪಾಠ ನಡೆಯುವ ಹಾಗೆ ಇಲ್ಲಿ ಕಂಪನಿಗಳ ನಿಜವಾದ ಸಮಸ್ಯೆಗಳನ್ನಿಟ್ಟುಕೊಂಡು ನಡೆಯಲಿ ಎಂಬುದು ಅವರ ಹಟ. ಆದರೆ ವ್ಯವಹಾರಕ್ಕೆ ನ್ಯಾಯಾಲಯದಂತೆ ಸಿದ್ಧ ದಾಖಲೆಗಳಿಲ್ಲ. ಯಾರಾದರೂ ಹೋಗಿ ನೋಡಿ ಬರೆಯಬೇಕು. ಹಾಗೆ 1921ರಲ್ಲಿ ಬರೆದ ಮೊದಲ ಕೇಸ್ ಒಂದು ಶೂ ಕಾರ್ಖಾನೆಯದು. ಪಾಳಿ ಮುಗಿಯುವ ಮುಂಚೆಯೇ ಕಾರ್ಮಿಕರು ಕೆಲಸ ಬಿಟ್ಟೇಳುವುದೇಕೆ ಎಂಬುದು ಅದರ ಪ್ರಶ್ನೆ. ಇಂಥ ಪಾಠಕ್ಕೆ ಉಪನ್ಯಾಸ ಸಾಲದು. ವಿದ್ಯಾರ್ಥಿ ಮನೆಯಲ್ಲಿ ಕೇಸ್ ಓದಿ ಲೆಕ್ಕ ಮಾಡಿಕೊಂಡು ಬರಬೇಕು, ತರಗತಿಯಲ್ಲಿ ವಾದಿಸಬೇಕು, ಯಾರು ಏನು ಹೇಳಿದರೆಂದು ಮೇಷ್ಟರು ನೆನಪಿಟ್ಟು ಅಂಕ ಕೊಡಬೇಕು. ಹಾರ್ವರ್ಡ್‌ನ ಹಲವು ವಿಷಯಗಳಲ್ಲಿ ಅಂಕದ ಅರ್ಧದವರೆಗೆ ಮಾತಿಗೇ ಮೀಸಲು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಿಸಿನೆಸ್ ಶಾಲೆಗಳು ನಾಯಿಕೊಡೆಗಳಂತೆ ಎದ್ದವು. ಬಹುಪಾಲು ಕಡೆ ಪಾಠ ಎಂದರೆ ಕಸುಬಿನ ವಿವರ, ಅಷ್ಟೆ. 1959ರಲ್ಲಿ ಫೋರ್ಡ್ ಫೌಂಡೇಶನ್ನಿನದೊಂದು, ಕಾರ್ನೆಗಿ ಕಾರ್ಪೊರೇಷನ್ನಿನದೊಂದು, ಎರಡು ದಪ್ಪ ವರದಿಗಳು ಒಂದೇ ವರ್ಷ ಹೊರಬಂದವು. ಎರಡೂ ಹೇಳಿದ್ದು ಹೆಚ್ಚುಕಡಿಮೆ ಒಂದೇ: ವಿದ್ಯಾರ್ಥಿಗಳ ಮಟ್ಟ ಕಳಪೆ, ಪಾಠದಲ್ಲಿ ಸತ್ವವಿಲ್ಲ, ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಮನುಷ್ಯರ ನಡವಳಿಕೆಯ ಶಾಸ್ತ್ರ ಇವನ್ನು ಬುನಾದಿಯಾಗಿಸಿ. ಇದಕ್ಕೆ ಮಾದರಿಯೂ ಕಣ್ಣೆದುರಿತ್ತು: 1949ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಟೆಕ್‌ನಲ್ಲಿ ತೆರೆದ, ಮನುಷ್ಯರು ತೀರ್ಮಾನ ಮಾಡುವ ಬಗೆಯನ್ನು ಅಧ್ಯಯನ ಮಾಡಿದ ಹರ್ಬರ್ಟ್ ಸೈಮನ್ ಅಂಥವರು ಕಟ್ಟಿದ ಶಾಲೆ. ಫೋರ್ಡ್ ಫೌಂಡೇಶನ್ ಬರೀ ಬೈದು ಸುಮ್ಮನಾಗದೆ ಕೋಟಿಗಟ್ಟಲೆ ಡಾಲರ್ ಸುರಿಯಿತು. ನಮ್ಮ ಹುಡುಗರು ಮೊದಲ ವರ್ಷದಲ್ಲಿ ಬೆವರು ಸುರಿಸುವ ಕ್ವಾಂಟಿಟೇಟಿವ್ ಟೆಕ್ನಿಕ್ಸ್, ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಸಾಕೆಂದುಕೊಳ್ಳುವ ಆರ್ಗನೈಸೇಷನಲ್ ಬಿಹೇವಿಯರ್, ಎರಡೂ ಕಡ್ಡಾಯವಾಗಿ ಬೇರೂರಿದ್ದು ಈ ಪದರದಲ್ಲಿ.

ಇದೇ ಹೊತ್ತಿಗೆ ಭಾರತವೂ ಮ್ಯಾನೇಜರುಗಳನ್ನು ತಯಾರಿಸುವ ಯೋಚನೆಯಲ್ಲಿತ್ತು. ಕಲ್ಕತ್ತದಲ್ಲಿ 1953ರಲ್ಲೇ ಸಮಾಜ ಕಲ್ಯಾಣ ಮತ್ತು ವ್ಯವಹಾರ ನಿರ್ವಹಣೆಯ ಸಂಸ್ಥೆ ಶುರುವಾಗಿತ್ತು. ಆಂಧ್ರ ವಿಶ್ವವಿದ್ಯಾಲಯ 1957ರಲ್ಲಿ ಪೂರ್ಣಾವಧಿ ಎಂಬಿಎ ತೆರೆದಿತ್ತು. ಫೋರ್ಡ್ ಫೌಂಡೇಶನ್ ಕರೆಸಿದ ಅಮೆರಿಕದ ಪ್ರಾಧ್ಯಾಪಕ ಜಾರ್ಜ್ ರಾಬಿನ್ಸ್ 1959ರಲ್ಲಿ ಕೊಟ್ಟ ಸಲಹೆಯ ಮೇಲೆ 1961ರಲ್ಲಿ ಎರಡು ಐಐಎಂ ಹುಟ್ಟಿದವು. ಕಲ್ಕತ್ತಕ್ಕೆ ಎಂಐಟಿಯ ನೆರವು, ಅಹಮದಾಬಾದಿಗೆ ಹಾರ್ವರ್ಡ್‌ನದು. ಒಂದಕ್ಕೆ ಗಣಿತದ ವಾಸನೆ, ಇನ್ನೊಂದಕ್ಕೆ ಕೇಸಿನದು ಅಂಟಿದ್ದು ಹೀಗೆ. 1973ರಲ್ಲಿ ಬೆಂಗಳೂರಿನ ಐಐಎಂ ಬಂದಾಗ ಸಾರ್ವಜನಿಕ ವಲಯದ ಉದ್ಯಮಗಳಿಗೆ ಆಡಳಿತಗಾರರನ್ನು ಕೊಡುವುದೇ ಗುರಿಯಾಗಿತ್ತು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿಗಳ ಊರಿಗೆ ಅದು ಒಪ್ಪುವಂಥದ್ದೇ. ಸೊಸೈಟಿಗಳಾಗಿ ನೋಂದಾಯಿಸಿಕೊಂಡಿದ್ದ ಐಐಎಂಗಳು ಪದವಿ ಕೊಡುವಂತಿರಲಿಲ್ಲ, ಡಿಪ್ಲೊಮಾ ಮಾತ್ರ. 2018ರ ಜನವರಿ 31ರಂದು ಐಐಎಂ ಕಾಯ್ದೆ ಜಾರಿಗೆ ಬಂದ ಮೇಲಷ್ಟೇ ಅವರ ಕೈಗೆ ಎಂಬಿಎ ಕೊಡುವ ಅಧಿಕಾರ ಬಂತು. ವಿಶ್ವವಿದ್ಯಾಲಯಕ್ಕೆ ಸೇರದ ಖಾಸಗಿ ಸಂಸ್ಥೆಗಳು ಇಂದಿಗೂ ಪಿಜಿಡಿಎಂ (ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ) ಎನ್ನುವುದು ಇದೇ ಕಾರಣಕ್ಕೆ.

ನಮ್ಮ ವಿಶ್ವವಿದ್ಯಾಲಯಗಳು ಹಾರ್ವರ್ಡಿನ ಕೇಸ್, 1959ರ ವರದಿಗಳ ಶಾಸ್ತ್ರ ಈ ಎರಡೂ ಪದರಗಳಿಂದ ಪೇಪರ್‌ಗಳ ಪಟ್ಟಿಯನ್ನು ಎತ್ತಿಕೊಂಡವು, ಪಾಠದ ಕ್ರಮವನ್ನು ಬಿಟ್ಟುಬಂದವು. ಸಂಯೋಜಿತ ಕಾಲೇಜಿನಲ್ಲಿ ಪಾಠ ಮಾಡುವವರು ಒಬ್ಬರು, ಪ್ರಶ್ನೆ ತೆಗೆಯುವವರು ಇನ್ನೊಬ್ಬರು, ಮೌಲ್ಯಮಾಪಕರು ಮತ್ತೆಲ್ಲೋ. ತರಗತಿಯ ವಾದಕ್ಕೆ ಇಲ್ಲಿ ಬೆಲೆ ಕಟ್ಟುವುದು ಹೇಗೆ? ಆದ್ದರಿಂದ ಕೇಸ್ ಎಂಟನೇ ಪ್ರಶ್ನೆಯಾಗಿ ಕುಗ್ಗಿತು. ಅದರಲ್ಲೂ ಅಂಕ ಹೋಗುವುದು ಎರಡು ಕಡೆ: ಕೊಟ್ಟ ಕಥೆಯನ್ನೇ ತಿರುಗಿಸಿ ಬರೆಯುವುದು, ಇಲ್ಲವೇ ಪುಸ್ತಕದ ವ್ಯಾಖ್ಯೆಗಳನ್ನು ತುಂಬುವುದು. ಬರೆಯಬೇಕಾದದ್ದು ನಾಲ್ಕು ಸಂಗತಿ. ತೀರ್ಮಾನ ಯಾರದು, ಅವರ ಮುಂದಿರುವ ದಾರಿಗಳು ಯಾವುವು, ಕೇಸಿನಲ್ಲಿರುವ ಅಂಕಿಗಳನ್ನು ಹಾಕಿದರೆ ಯಾವ ದಾರಿ ಎಷ್ಟಕ್ಕೆ ಬೀಳುತ್ತದೆ, ಬಿಟ್ಟ ದಾರಿಯನ್ನು ಏಕೆ ಬಿಟ್ಟಿರಿ. ಕೊನೆಯದನ್ನು ಬರೆಯುವವರು ಕಡಿಮೆ.

ಒಂದೊಂದು ಪೇಪರಿನ ತೂಕ ಹೇಳುವ ಕ್ರೆಡಿಟ್ಟಿನದೂ ಒಂದು ತಮಾಷೆಯ ಹಿನ್ನೆಲೆ. 1910ರಲ್ಲಿ ಕಾರ್ನೆಗಿ ಫೌಂಡೇಶನ್ನಿಗಾಗಿ ಮಾರಿಸ್ ಕುಕ್ ಎಂಬ ಎಂಜಿನಿಯರ್ ಕಾರ್ಖಾನೆ ಅಳೆದಂತೆ ಕಾಲೇಜುಗಳನ್ನು ಅಳೆದು, ‘ವಿದ್ಯಾರ್ಥಿ ಗಂಟೆ’ ಎಂಬ ಮಾಪನ ಸೂಚಿಸಿದರು. ಅವರು ಫ್ರೆಡರಿಕ್ ಟೇಲರ್ ಬಳಗದವರು, ಎಂಬಿಎ ಮೊದಲ ಸೆಮಿಸ್ಟರ್‌ನಲ್ಲಿ ಓದುವ ಅದೇ ‘ವೈಜ್ಞಾನಿಕ ನಿರ್ವಹಣೆ’ಯ ಟೇಲರ್. ನಮ್ಮಲ್ಲಿ ಯುಜಿಸಿಯ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್) ಪದ್ಧತಿಯಲ್ಲಿ ವಾರಕ್ಕೊಂದು ಗಂಟೆ ಪಾಠ ಎಂದರೆ ಒಂದು ಕ್ರೆಡಿಟ್. 15 ವಾರದ ಸೆಮಿಸ್ಟರ್‌ನಲ್ಲಿ 4 ಕ್ರೆಡಿಟ್ ಪೇಪರ್ 60 ಗಂಟೆ. ಹಾಜರಿ ಶೇ 75 ಬೇಕೆಂದರೆ ತಪ್ಪಿಸಿಕೊಳ್ಳಬಹುದಾದದ್ದು 15 ಗಂಟೆ ಮಾತ್ರ. ಗ್ರೇಡ್ ಲೆಕ್ಕದಲ್ಲೂ ಕ್ರೆಡಿಟ್ಟೇ ತೂಕದ ಕಲ್ಲು: 4 ಕ್ರೆಡಿಟ್ಟಿನ ಪೇಪರಿನಲ್ಲಿ ಗ್ರೇಡ್ ಅಂಕ 8, 2 ಕ್ರೆಡಿಟ್ಟಿನದರಲ್ಲಿ 10 ಬಂದರೆ ಸರಾಸರಿ 9 ಅಲ್ಲ, 32 ಮತ್ತು 20 ಕೂಡಿದ 52ನ್ನು 6ರಿಂದ ಭಾಗಿಸಿ 8.67. ಸುಲಭದ ಸಣ್ಣ ಪೇಪರಿಗೆ ಹೊತ್ತು ಕಳೆದು ಫೈನಾನ್ಸಿನಲ್ಲಿ ಜಾರಿದರೆ ಪೆಟ್ಟು ದುಪ್ಪಟ್ಟು.

ಅಮೆರಿಕದ ಇಂಧನ ಕಂಪನಿ ಎನ್ರಾನ್ ಲೆಕ್ಕಪತ್ರದ ಮೋಸದಿಂದ 2001ರಲ್ಲಿ ಮುಳುಗಿತು. ಅದರ ಮುಖ್ಯಸ್ಥರಾಗಿದ್ದ ಜೆಫ್ರಿ ಸ್ಕಿಲಿಂಗ್ ಹಾರ್ವರ್ಡ್ ಎಂಬಿಎ. 2004ರ ಹೊತ್ತಿಗೆ ಅಲ್ಲಿ ನಾಯಕತ್ವ ಮತ್ತು ಕಂಪನಿಯ ಹೊಣೆಗಾರಿಕೆಯ ಪೇಪರ್ ಕಡ್ಡಾಯವಾಯಿತು. 2008ರ ಬ್ಯಾಂಕ್ ಕುಸಿತದ ನಂತರ, 2011ರಲ್ಲಿ, ತರಗತಿಯಾಚೆ ಮಾಡಿ ಕಲಿಯುವ ಫೀಲ್ಡ್ ಎಂಬ ಕೋರ್ಸ್ ಸೇರಿತು. ಹೀಗೆ ಪ್ರತಿ ಹಗರಣಕ್ಕೂ ಒಂದು ಪೇಪರ್ ಬರುತ್ತದೆ, ಹಳೆಯದು ಜಾಗ ಬಿಡುವುದಿಲ್ಲ. ಪಾಠ ಮಾಡುವ ವಿಭಾಗವೊಂದು ಅದರ ಹಿಂದೆ ನಿಂತಿರುತ್ತದೆ. ಇದಕ್ಕೆ ತದ್ವಿರುದ್ಧ ಷಿಕಾಗೋದ ಬೂತ್ ಶಾಲೆ. ಅಲ್ಲಿ ಎಲ್ಲರೂ ಓದಲೇಬೇಕಾದದ್ದು ಲೀಡ್ ಎಂಬ ನಾಯಕತ್ವದ ಕೋರ್ಸ್ ಒಂದೇ. ಮಿಕ್ಕ ಬುನಾದಿ ವಿಷಯಗಳಲ್ಲಿ ತಮ್ಮ ಮಟ್ಟಕ್ಕೆ ತಕ್ಕ ಕೋರ್ಸ್ ಆರಿಸಿಕೊಳ್ಳಬಹುದು. ಬಿಕಾಂ ಮುಗಿಸಿ ಬಂದವರು ಮತ್ತೆ ಲೆಕ್ಕ ಬರೆಯುವ ಮೊದಲ ಪಾಠವಾದ ಜರ್ನಲ್ ಎಂಟ್ರಿಯಿಂದ ಶುರುಮಾಡಬೇಕಾದ ನಮ್ಮ ಪದ್ಧತಿಗಿಂತ ಇದು ಎಷ್ಟೋ ವಾಸಿ.

ಸೇರುವ ಮುನ್ನ ಕಾಲೇಜಿನ ಬಣ್ಣದ ಕೈಪಿಡಿಗಿಂತ ವಿಶ್ವವಿದ್ಯಾಲಯದ ನಿಯಮಾವಳಿ ಓದುವುದು ಒಳ್ಳೆಯದು. ಪ್ರವೇಶಕ್ಕೆ ಪದವಿಯಲ್ಲಿ ಶೇ 50, ಮೀಸಲು ವರ್ಗಕ್ಕೆ ಶೇ 45 ಎಂಬುದು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಇಟ್ಟಿರುವ ಕನಿಷ್ಠ ಮಿತಿ. ಡ್ಯುಯಲ್ ಸ್ಪೆಷಲೈಸೇಷನ್ (ಎರಡು ವಿಶೇಷ ವಿಷಯ) ಎಂದಿದ್ದರೆ ಒಂದೊಂದು ವಿಭಾಗದಿಂದ ಕನಿಷ್ಠ ಎಷ್ಟು ಪೇಪರ್ ಬೇಕು ಎಂದು ಎಣಿಸಿ. ಅಲ್ಲಿ ಇಲ್ಲಿ ಒಂದೊಂದು ಹೆಕ್ಕಿದವರಿಗೆ ಕೊನೆಯಲ್ಲಿ ಎರಡೂ ಕೈತಪ್ಪುತ್ತವೆ. ಪಟ್ಟಿಯಲ್ಲಿರುವ ಐಚ್ಛಿಕಗಳೆಲ್ಲ ನಡೆಯುವುದೂ ಇಲ್ಲ. ಸಾಕಷ್ಟು ಮಂದಿ ಸೇರದಿದ್ದರೆ ಕೈಬಿಡುತ್ತಾರೆ.

ಅಮೆರಿಕಕ್ಕೆ ಹೊರಟವರಿಗೆ ಪಠ್ಯಕ್ರಮದ ಹೊಸ ಪದರವನ್ನು ಹೊದಿಸಿದ್ದು ವೀಸಾ ನಿಯಮ. ಓದು ಮುಗಿದ ಮೇಲೆ ಎಲ್ಲರಿಗೂ ಸಿಗುವ ಒಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಓದಿದ ವಿಷಯದ ಕೆಲಸ ಮಾಡುವ ಅನುಮತಿ) ಕೆಲಸದ ಅವಧಿ 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಎಂದು ವರ್ಗೀಕರಿಸಿದ ಕೋರ್ಸಿಗೆ ಇನ್ನೂ 24 ತಿಂಗಳು. ಹಾಗಾಗಿ ಎಷ್ಟೋ ಶಾಲೆಗಳು ಎಂಬಿಎಯನ್ನೋ ಅದರೊಳಗಿನ ಒಂದು ವಿಭಾಗವನ್ನೋ ಅಂಕಿಸಂಖ್ಯೆಯ ಪೇಪರ್‌ಗಳಿಂದ ಗಟ್ಟಿಮಾಡಿ, ಓದಿನ ವಿಷಯಗಳಿಗೆ ಅಮೆರಿಕ ಸರ್ಕಾರ ಕೊಟ್ಟಿರುವ ಸಂಕೇತಗಳಲ್ಲಿ ಸ್ಟೆಮ್ ಪಟ್ಟಿಯಲ್ಲಿರುವ ಮ್ಯಾನೇಜ್‌ಮೆಂಟ್ ಸೈನ್ಸ್‌ನ 52.1301 ಸಂಕೇತದಡಿ ತಂದಿವೆ. ಸಾಮಾನ್ಯ ವ್ಯವಹಾರಾಡಳಿತದ ಸಂಕೇತ 52.0201, ಅದು ಸ್ಟೆಮ್ ಅಲ್ಲ. ಒಂದೇ ಶಾಲೆಯ ಎರಡು ವಿಭಾಗಗಳಿಗೆ ಬೇರೆ ಬೇರೆ ಸಂಕೇತ ಇರಬಹುದು, ವೀಸಾಗಾಗಿ ಶಾಲೆ ಕೊಡುವ ಐ-20 ಪತ್ರದಲ್ಲಿ ಅದು ನಮೂದಾಗಿರುತ್ತದೆ. ಶುಲ್ಕ ಕಟ್ಟುವ ಮೊದಲು ಆ ಆರು ಅಂಕಿಗಳನ್ನು ಒಮ್ಮೆ ನೋಡಿಕೊಳ್ಳಿ.