ಹಾವುಮೀನಿನ ಮೊಟ್ಟೆ ಹುಡುಕಿ ಹೊರಟವರು

ಜಪಾನಿನಲ್ಲಿ ಒಂದು ಹಳೇ ಮಾತಿದೆ: ಬೆಟ್ಟದ ಗೆಣಸೇ ಹಾವುಮೀನಾಗುತ್ತದೆ ಅಂತ. ಅತ್ತ ಗ್ರೀಸಿನ ಅರಿಸ್ಟಾಟಲ್, ಈ ಮೀನು ಕೆಸರಿನಲ್ಲಿ ತಾನಾಗಿಯೇ ಹುಟ್ಟುತ್ತದೆ ಎಂದು ನಂಬಿದ್ದ. ಇವರನ್ನು ದಡ್ಡರು ಅನ್ನೋದು ಸರಿಯಲ್ಲ. ಹೊಳೆಯಲ್ಲಿ ಹಿಡಿದ ಹಾವುಮೀನಿನ ಹೊಟ್ಟೆಯಲ್ಲಿ ಬಲಿತ ಮೊಟ್ಟೆ ಸಿಗುತ್ತಿರಲಿಲ್ಲ. ಮೊಟ್ಟೆಯಿಡಲು ಅದು ಸಮುದ್ರಕ್ಕೆ ಹೋಗುತ್ತದೆ, ವಾಪಸ್ ಬರುವುದಿಲ್ಲ.

ಹೋಗುವುದಾದರೂ ಎಲ್ಲಿಗೆ? ಜಪಾನಿನ ವಿಜ್ಞಾನಿಗಳು ತಮ್ಮ ಕಡೆಯ ಹಾವುಮೀನಿನ ಮಟ್ಟಿಗೆ ಇದನ್ನು ದಶಕಗಳ ಕಾಲ ಹುಡುಕಿದರು. ಮರಿಗಳಿಗೆ ಈಜುವ ಬಲ ಕಡಿಮೆ, ಸಮುದ್ರದ ಪ್ರವಾಹ ಒಯ್ದ ಕಡೆ ಹೋಗುತ್ತಾ ಬೆಳೆಯುತ್ತವೆ. ಪ್ರವಾಹಕ್ಕೆ ಎದುರಾಗಿ ಹಡಗು ನಡೆಸಬೇಕು. ಬಲೆಗೆ ಬೀಳುವ ಮರಿ ಚಿಕ್ಕದಾಗುತ್ತಾ ಹೋದರೆ ದಾರಿ ಸರಿ ಇದೆ ಅಂತ ಅರ್ಥ. 1967ರಲ್ಲಿ ತೈವಾನಿನ ದಕ್ಷಿಣಕ್ಕೆ ಸಿಕ್ಕ ಮರಿ ಸುಮಾರು 5 ಸೆಂ.ಮೀ. ಉದ್ದವಿತ್ತು. 1991ರಲ್ಲಿ ಹಕುಹೊ ಮಾರು ಹಡಗಿಗೆ ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳ ಪಶ್ಚಿಮಕ್ಕೆ 1 ಸೆಂ.ಮೀ. ಆಸುಪಾಸಿನ ಮರಿಗಳು ಸಾವಿರದಷ್ಟು ಸಿಕ್ಕವು.

ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಕಿವಿಗಲ್ಲಿನ ಲೆಕ್ಕ. ಮೀನಿನ ತಲೆಯೊಳಗೆ, ಕಿವಿಯ ಭಾಗದಲ್ಲಿ, ಸುಣ್ಣದ ಹರಳುಗಳಿರುತ್ತವೆ, ಅವೇ ಕಿವಿಗಲ್ಲು. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುವ ಹಾಗೆ ಮರಿಯ ಕಿವಿಗಲ್ಲಿನಲ್ಲಿ ದಿನಕ್ಕೊಂದು ಬಳೆ. ಅಷ್ಟು ಚಿಕ್ಕ ಮರಿಯ ತಲೆಯಿಂದ ಅದನ್ನು ಹೊರತೆಗೆದು, ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಬಳೆ ಎಣಿಸಬೇಕು. ಹಿಡಿದ ದಿನದಿಂದ ಅಷ್ಟು ದಿನ ಹಿಂದಕ್ಕೆ ಎಣಿಸಿದರೆ ಹುಟ್ಟಿದ ದಿನ ಸಿಗುತ್ತದೆ. ಜಪಾನಿನ ವಿಜ್ಞಾನಿ ಕಟ್ಸುಮಿ ತ್ಸುಕಾಮೊಟೊ ಅವರ ತಂಡ ಹೀಗೆ ಎಣಿಸಿದಾಗ, ಹುಟ್ಟಿದ ದಿನಗಳು ಅಮಾವಾಸ್ಯೆಯ ಸುತ್ತಮುತ್ತ ಗುಂಪಾಗಿ ಕಂಡವು. ಅಮಾವಾಸ್ಯೆಗೆ ಗ್ರಹಚಾರದ ಗಂಟು ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಇಲ್ಲಿ ಅದಕ್ಕೆ ಜಾಗವೇ ಇಲ್ಲ. ಬಳೆ ಯಾರು ಎಣಿಸಿದರೂ ಅಷ್ಟೇ, ಅಲ್ವಾ?

ಯಾವಾಗ ಎಂಬುದು ಹೀಗೆ ಗೊತ್ತಾಯಿತು. ಎಲ್ಲಿ ಎಂಬುದಕ್ಕೆ ಉಪ್ಪು ನೆರವಾಯಿತು. ಅಲ್ಲಿ ದಕ್ಷಿಣದ ಕಡೆ ಮಳೆ ಜಾಸ್ತಿ, ನೀರಿನಲ್ಲಿ ಉಪ್ಪು ಕಡಿಮೆ. ಉತ್ತರದ ನೀರು ಹೆಚ್ಚು ಉಪ್ಪು. ಇವೆರಡೂ ಕೂಡುವ ಗಡಿ, ಕಡಲತಳದ ಬೆಟ್ಟಸಾಲನ್ನು ಹಾಯುವ ಕಡೆ ಹುಡುಕಾಟ ನಡೆಯಿತು. 2005ರ ಜೂನಿನಲ್ಲಿ, ಅಮಾವಾಸ್ಯೆಯ ಹೊತ್ತಿಗೆ, ಹುಟ್ಟಿ ಎರಡೇ ದಿನವಾದ 5 ಮಿ.ಮೀ. ಆಸುಪಾಸಿನ ಮರಿಗಳು ಸಿಕ್ಕವು. ಮೊಟ್ಟೆಯೊಡೆದು ಮರಿ ಬರಲು ಒಂದೂವರೆ ದಿನ ಸಾಕು. ಅಷ್ಟರೊಳಗೆ ಬಲೆ ಅಲ್ಲಿರಬೇಕು. 2009ರ ಮೇ 22ರಂದು, ಅಮಾವಾಸ್ಯೆಗೆ ಎರಡು ದಿನ ಮೊದಲು, 31 ಮೊಟ್ಟೆ ಸಿಕ್ಕವು. ಒಂದೊಂದೂ ಸುಮಾರು 1.6 ಮಿ.ಮೀ.

ಜಪಾನಿನ ಹೋಟೆಲಿನಲ್ಲಿ ಬಡಿಸುವುದು ಸಾಕಿದ ಹಾವುಮೀನು, ಅದರಿಂದ ಸಮುದ್ರಕ್ಕೇನೂ ನಷ್ಟವಿಲ್ಲ ಎಂದು ಇವತ್ತಿಗೂ ಹೇಳುವವರಿದ್ದಾರೆ. ಇದು ತಪ್ಪು. ಹೊಂಡದಲ್ಲಿ ಬೆಳೆಸುವ ಮೀನುಗಳೂ ಹೆಚ್ಚುಕಡಿಮೆ ಎಲ್ಲವೂ ಅಳಿವೆ, ಕರಾವಳಿಗಳಲ್ಲಿ ಹಿಡಿದ ಕಾಡುಮರಿಗಳೇ. 2014ರಲ್ಲಿ ಜಪಾನಿನ ಈ ಮೀನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಅಳಿವಿನಂಚಿನ ಪಟ್ಟಿಗೆ ಸೇರಿತು. 2010ರಲ್ಲಿ ಜಪಾನಿನ ಮೀನುಗಾರಿಕಾ ಸಂಶೋಧಕರು ಮೊಟ್ಟೆಯಿಂದ ಮೊಟ್ಟೆಯವರೆಗಿನ ಇಡೀ ಬದುಕನ್ನು ತೊಟ್ಟಿಯಲ್ಲೇ ಪೂರ್ತಿ ಮಾಡಿಸಿದ್ದು ನಿಜ. ಆದರೆ ಮರಿಗೆ ಏನು ತಿನ್ನಿಸಬೇಕು ಎಂಬುದೇ ದೊಡ್ಡ ತಲೆನೋವಾಯಿತು. ಎಷ್ಟೋ ಪ್ರಯತ್ನದ ನಂತರ ಶಾರ್ಕ್ ಮೊಟ್ಟೆ ಬೆರೆಸಿದ ಗಂಜಿ ಒಗ್ಗಿತು. ಅದು ನೀರನ್ನು ಬೇಗ ಕೆಡಿಸುತ್ತದೆ, ಹಾಗಾಗಿ ಮರಿಗಳನ್ನು ತಿಂಗಳುಗಟ್ಟಲೆ ದಿನವೂ ಶುದ್ಧ ತೊಟ್ಟಿಗೆ ಬದಲಿಸಬೇಕು. ಹೀಗೆ ಬೆಳೆಸಿದ ಮರಿ, ಬಲೆ ಹಾಕಿ ಹಿಡಿದ ಮರಿಗಿಂತ ತುಂಬಾ ದುಬಾರಿ.