ಅಪಾಸ್ಟ್ರಫಿ ಇಂಗ್ಲಿಷಿಗೆ ಬಂದಿದ್ದು ಹೆಂಗೆ?

ಇಂಗ್ಲಿಷಲ್ಲಿ ಅಕ್ಷರದ ತಲೆ ಹತ್ರ ಹಾಕೋ ಸಣ್ಣ ಕೊಂಕು, ಅದೇ ಅಪಾಸ್ಟ್ರಫಿ, ಸ್ಕೂಲಲ್ಲಿ ನಮಗೆ ಎರಡು ಬೇರೆ ಪಾಠದಲ್ಲಿ ಬರತ್ತೆ. ಡೂ ನಾಟ್ ಹೋಗಿ ಡೋಂಟ್ ಆದಾಗ ಒಂದ್ಸಲ, ರಾಮನ ಪುಸ್ತಕ ಅನ್ನೋಕೆ ರಾಮ ಅಂತ ಬರೆದು ಕೊಂಕು ಹಾಕಿ ಎಸ್ ಸೇರಿಸಿದಾಗ ಇನ್ನೊಂದ್ಸಲ. ಎರಡಕ್ಕೂ ಮೂಲ ಒಂದೇ ಅಂತ ಸಾಮಾನ್ಯವಾಗಿ ಯಾರೂ ಹೇಳ್ಕೊಡಲ್ಲ, ಹೇಳ್ಕೊಟ್ಟಿದ್ರೆ ಅರ್ಧ ಗೊಂದಲ ಅಲ್ಲೇ ಮುಗೀತಿತ್ತು.

ಆ ಮೂಲ ಅಂದ್ರೆ ಲೋಪ. ನಮ್ಮ ಲೋಪಸಂಧೀಲಿ ಮಾತು, ಇಲ್ಲ ಸೇರಿ ಮಾತಿಲ್ಲ ಆದಾಗ ಉಕಾರ ಬಿಟ್ಟುಹೋಗತ್ತಲ್ಲ, ಅದಕ್ಕೆ ನಾವು ಗುರುತೇನೂ ಹಾಕಲ್ಲ, ಆದ್ರೆ ಸಂಸ್ಕೃತದಲ್ಲಿ ಶಿವೋಽಹಂ ಅಂತ ಬರೆಯುವಾಗ ಅಹಂನ ಅಕಾರ ಹೋಗಿದೆ ಅಂತ ತೋರಿಸೋಕೆ ಅವಗ್ರಹ ಹಾಕ್ತಾರೆ. ಅಪಾಸ್ಟ್ರಫಿ ಕೆಲಸಾನೂ ಥೇಟ್ ಅದೇ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್, ಪೆಟ್ರಾರ್ಕ್ ಕವಿಯ ಇಟಾಲಿಯನ್ ಪದ್ಯಗಳನ್ನ ಅಚ್ಚು ಹಾಕಿದಾಗ ಇದನ್ನ ಬಳಸಿದ್ದ, ಆಮೇಲೆ ಫ್ರಾನ್ಸಿನ ಮುದ್ರಕರು ಹಿಡ್ಕೊಂಡ್ರು, 16ನೇ ಶತಮಾನದಲ್ಲೇ ಇಂಗ್ಲೆಂಡಿಗೂ ಬಂತು.

ಹಂಗಾದ್ರೆ 'ರಾಮನ' ಅನ್ನೋದಕ್ಕೆ ಯಾಕೆ? ಹಳೇ ಇಂಗ್ಲಿಷಲ್ಲಿ ನಮ್ಮ ಥರಾನೇ ವಿಭಕ್ತಿ ಪ್ರತ್ಯಯ ಇತ್ತು. ರಾಜ ಅಂದ್ರೆ ಕ್ಯುನಿಂಗ್, ರಾಜನ ಅಂದ್ರೆ ಕ್ಯುನಿಂಗೆಸ್, ಕೊನೇಲಿರೋ ಇ, ಎಸ್ ಷಷ್ಠಿ ಪ್ರತ್ಯಯ. ಎಲ್ಲಾ ಪದಕ್ಕೂ ಇದೇ ಅಂತೇನಿರ್ಲಿಲ್ಲ, ಬೇರೆ ಪ್ರತ್ಯಯಗಳೂ ಇದ್ವು, ಬರ್ತಾ ಬರ್ತಾ ಇದೊಂದೇ ಗಟ್ಟಿಯಾಗಿ ಉಳೀತು. ಆಮೇಲೆ ಮಾತಲ್ಲಿ ಆ ಇ ಸವೆದುಹೋಗಿ ಕಿಂಗ್ಸ್ ಆಯ್ತು, ಇ ಇದ್ದ ಜಾಗಕ್ಕೆ ಕೊಂಕು ಬಂತು.

ಈ ಕಥೆ ಮರೆತುಹೋಗಿ ಎಷ್ಟೋ ಜನ 'ದ ಕಿಂಗ್ ಹಿಸ್ ಹೌಸ್' ಅನ್ನೋದೇ ಮೊಟಕಾಗಿ ಕಿಂಗ್ಸ್ ಹೌಸ್ ಆಗಿದೆ ಅಂದ್ಕೊಂಡಿದ್ರು. ಬೆನ್ ಜಾನ್ಸನ್‌ನ 1605ರ ನಾಟಕದ ಹೆಸರೇ 'ಸೆಜೇನಸ್ ಹಿಸ್ ಫಾಲ್'. 1755ರ ಡಿಕ್ಷನರಿಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ವಾದಾನ ತಳ್ಳಿಹಾಕಿದ, ಹೆಂಗಸಿನ ಸೌಂದರ್ಯ ಅನ್ನೋವಾಗ್ಲೂ ಇದೇ ಎಸ್ ಬರತ್ತಲ್ಲ, ಅಲ್ಲಿ ಹಿಸ್ ಹೆಂಗೆ ಹೊಂದತ್ತೆ ಅಂತ. ನಂಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟ ಆಗೋ ತರ್ಕ ಇದು.

ಬಹುವಚನದ್ದು ಬೇರೆ. ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್ ಸ್ಕೂಲ್ ಹೆಸರನ್ನ ಇಂಗ್ಲಿಷಲ್ಲಿ ನೋಡಿ, ಕೊಂಕು ಎಸ್ ಆದ್ಮೇಲಿದೆ, ಹುಡುಗರು ತುಂಬಾ ಜನ ಅಂತ. ಅಲ್ಲಿ ಯಾವ ಅಕ್ಷರಾನೂ ಬಿಟ್ಟುಹೋಗಿಲ್ಲ, ಇದು ಆಮೇಲೆ ಮಾಡ್ಕೊಂಡ ಏರ್ಪಾಡು, ಪೂರ್ತಿ ನೆಲೆ ನಿಂತಿದ್ದು 19ನೇ ಶತಮಾನದ ಮಧ್ಯದ ಹೊತ್ತಿಗೆ.

ಇನ್ನು ಎಲ್ಲರೂ ಎಡವೋ 'ಇಟ್ಸ್'. 'ಅದರ' ಅನ್ನೋ ಅರ್ಥಕ್ಕೆ ಕೊಂಕು ಹಾಕ್ಬಾರ್ದು ಅನ್ನೋದು ಇವತ್ತಿನ ನಿಯಮ, ಹಿಸ್, ಹರ್ಸ್, ಅವರ್ಸ್‌ಗೆ ಹೆಂಗೆ ಇಲ್ವೋ ಹಂಗೆ. ಆದ್ರೆ ಹಿಂದೆ ಕೊಂಕು ಹಾಕಿ ಬರೆಯೋದೂ ಮಾಮೂಲಿಯಾಗಿತ್ತು, 1787ರ ಅಮೆರಿಕದ ಸಂವಿಧಾನದ ಕೈಬರಹದ ಪ್ರತಿಲೇ ಮೊದಲ ವಿಧಿಯ 10ನೇ ಸೆಕ್ಷನ್‌ನಲ್ಲಿ ಹಂಗಿದೆ. ಈಗ ಬರೆಯುವಾಗ ಅನುಮಾನ ಬಂದ್ರೆ ಬಿಡಿಸಿ ಓದಿ, ಇಟ್ ಈಸ್ ಅಥವಾ ಇಟ್ ಹ್ಯಾಸ್ ಅಂತ ಆದ್ರೆ ಹಾಕಿ, ಇಲ್ಲಾಂದ್ರೆ ಬೇಡ.

ಬೋರ್ಡುಗಳಲ್ಲಂತೂ ಇದು ಹೋಗ್ತಾ ಇದೆ. ಲಂಡನ್ನಿನ ಪಿಕಡಿಲಿ ಲೈನಲ್ಲಿ ಪಕ್ಕಪಕ್ಕದ ಎರಡು ಸ್ಟೇಷನ್, ಅರ್ಲ್ಸ್ ಕೋರ್ಟ್‌ಗೆ ಕೊಂಕಿದೆ, ಬ್ಯಾರನ್ಸ್ ಕೋರ್ಟ್‌ಗೆ ಇಲ್ಲ. ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ 2009ರಲ್ಲಿ ರಸ್ತೆ ಬೋರ್ಡುಗಳಲ್ಲಿ ಅಪಾಸ್ಟ್ರಫಿ ಬೇಡ ಅಂತ ಹೇಳ್ತು. 2014ರಲ್ಲಿ ಕೇಂಬ್ರಿಡ್ಜಲ್ಲೂ ಹೊಸ ರಸ್ತೆ ಹೆಸರಿಗೆ ಬೇಡ ಅಂದಾಗ ಕೆಲವರು ಮಾರ್ಕರ್ ಪೆನ್ ತಗೊಂಡು ಹೋಗಿ ಬೋರ್ಡುಗಳ ಮೇಲೆ ತಾವೇ ಹಾಕಿಬಂದ್ರು, ಕೊನೆಗೆ ಕೌನ್ಸಿಲ್ ನಿರ್ಧಾರ ವಾಪಸ್ ತಗೊಳ್ತು. ವಾಪಸ್ ತಗೊಂಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ, ಕೊಂಕು ಎಲ್ಲಿದೆ ಅನ್ನೋದರ ಮೇಲೇ ಕಿಂಗ್ಸ್ ರೋಡ್ ಅನ್ನೋದು ಒಬ್ಬ ರಾಜನ ಹೆಸರಿಂದೋ ಹಲವು ರಾಜರದ್ದೋ ಅಂತ ಗೊತ್ತಾಗೋದು.