ಅದೇ 20 ಯೂನಿಟ್, ಆದರೆ ಕಿಡ್ನಿ ಅದೇ ಅಲ್ಲ

"ನೋಡ್ಲಾ, ಶುಗರ್ರೇ ಹೊಂಟೋಯ್ತು. ಇನ್ನು ಸೂಜಿ ಯಾಕೆ?"

ನಮ್ಮ ದೊಡ್ಡಪ್ಪ ಗ್ಲೂಕೋಮೀಟರ್ ಎತ್ತಿ ತೋರಿಸಿದರು. 92 ಇತ್ತು. ವರ್ಷಗಟ್ಟಲೆ 200ರ ಕೆಳಗೆ ಇಳಿಯದ ಮನುಷ್ಯ ಅವರು. ಮದ್ದೂರಿನ ಹತ್ತಿರದ ಊರು, ಸುತ್ತ ಕಬ್ಬಿನ ಗದ್ದೆ. ಪಥ್ಯವೇನೂ ಬದಲಾಗಿರಲಿಲ್ಲ, ಇನ್ಸುಲಿನ್ ಕೂಡ ಬೆಳಿಗ್ಗೆ 20 ಯೂನಿಟ್, ರಾತ್ರಿ 14, ಮೊದಲಿನಂತೆಯೇ. ಮನೆಯವರೆಲ್ಲ ಖುಷಿಪಟ್ಟೆವು. ಎರಡು ವಾರ ಕಳೆದಿರಬಹುದು. ಒಂದು ಬೆಳಗಿನ ಜಾವ ಅವರ ಬನಿಯನ್ ಬೆವರಿನಿಂದ ತೊಯ್ದು ಹೋಗಿತ್ತು. ಮಾತು ತೊದಲುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ದೊಡ್ಡಮ್ಮನನ್ನೇ "ನೀನ್ಯಾರು?" ಎಂದು ಕೇಳಿದರು. ಮೀಟರ್‌ನಲ್ಲಿ 41.

ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 3.4 ಬಂತು. ಕಿಡ್ನಿ ಹೊರಹಾಕಬೇಕಾದ ಕಸ ಅದು, ರಕ್ತದಲ್ಲಿ ಏರಿದರೆ ಕಿಡ್ನಿ ಸೋಲುತ್ತಿದೆ ಎಂದರ್ಥ. ಶುಗರ್ ಹೋಗಿರಲಿಲ್ಲ. ಕಿಡ್ನಿ ಹೋಗುತ್ತಿತ್ತು.

ಇದು ಹೇಗೆ ಅಂತ ಆಮೇಲೆ ಕೂತು ಓದಿದೆ. ಇನ್ಸುಲಿನ್ ಒಂದು ಸಣ್ಣ ಪ್ರೋಟೀನು, 51 ಅಮೈನೋ ಆಮ್ಲಗಳ ಸರ. ನಮ್ಮ ಮೇದೋಜೀರಕ ಗ್ರಂಥಿ ಸುರಿಸುವ ಇನ್ಸುಲಿನ್ ನೇರ ಲಿವರ್‌ಗೆ ಹೋಗುತ್ತದೆ. ಹೆಚ್ಚುಕಮ್ಮಿ ಅರ್ಧದಷ್ಟು ಅಲ್ಲೇ ಮುಗಿಯುತ್ತದೆ. ಹೊಟ್ಟೆಯ ಚರ್ಮದ ಕೆಳಗೆ ಚುಚ್ಚಿದ ಇನ್ಸುಲಿನ್‌ಗೆ ಆ ದಾರಿಯಿಲ್ಲ. ಅದು ಮೊದಲು ಇಡೀ ಮೈಯ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಅದನ್ನು ಒಡೆದು ಮುಗಿಸುವ ಕೆಲಸದ ದೊಡ್ಡ ಪಾಲು ಕಿಡ್ನಿಯ ಮೇಲೆ ಬೀಳುತ್ತದೆ. ಕಿಡ್ನಿ ಅದನ್ನು ಸೋಸಿ, ತನ್ನ ಸಣ್ಣ ನಳಿಗೆಗಳ ಗೋಡೆಯೊಳಗೆ ಎಳೆದುಕೊಂಡು ಪುಡಿ ಮಾಡುತ್ತದೆ.

ನಮ್ಮ ಕಡೆ ಗದ್ದೆ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ವಿ.ಸಿ. ನಾಲೆಯಿಂದ ದಿನಾ ಅಷ್ಟೇ ನೀರು ಬಿಡುತ್ತೀರಿ. ಆದರೆ ಬಸಿಗಾಲುವೆಯಲ್ಲಿ ಹೂಳು ತುಂಬಿದೆ. ಗದ್ದೆ ಕೆರೆಯಾಗುತ್ತದೆ, ಅಲ್ವಾ? ಬಿಟ್ಟ ನೀರು ಜಾಸ್ತಿಯಾಗಿಲ್ಲ, ಹೊರಗೆ ಹೋಗುವುದು ಕಮ್ಮಿಯಾಗಿದೆ. ದೊಡ್ಡಪ್ಪನ 20 ಯೂನಿಟ್ ಬಾಟಲಿಯಲ್ಲಿ 20, ಸಿರಿಂಜಿನಲ್ಲೂ 20. ಮೈಯೊಳಗೆ ಮಾತ್ರ ಹೆಚ್ಚು ಹೊತ್ತು ಉಳಿದು ಹೆಚ್ಚು ಕೆಲಸ ಮಾಡುತ್ತಿತ್ತು.

ಕಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಹೊಟ್ಟೆ ಖಾಲಿಯಿರುವಾಗ ಕಿಡ್ನಿ ತಾನೂ ಒಂದಿಷ್ಟು ಸಕ್ಕರೆ ತಯಾರಿಸಿ ರಕ್ತಕ್ಕೆ ಕೊಡುತ್ತದೆ. ಕಿಡ್ನಿ ಸೋತಾಗ ಆ ಕೈಸಾಲವೂ ಸಿಗುವುದಿಲ್ಲ. ಮೇಲಿಂದ ಊಟ ಸೇರುವುದಿಲ್ಲ, ವಾಕರಿಕೆ. ಒಂದು ಮುದ್ದೆ ಉಣ್ಣುತ್ತಿದ್ದವರು ಅರ್ಧಕ್ಕೇ ಕೈ ತೊಳೆಯುತ್ತಾರೆ, ಇಂಜೆಕ್ಷನ್ ಮಾತ್ರ ಪೂರ್ತಿ. ಮೂರೂ ಸೇರಿದರೆ ಬೆಳಗಿನ ಜಾವದ 41.

ಡೋಸ್ ಎಷ್ಟು ಇಳಿಸಬೇಕು? ವೈದ್ಯರಲ್ಲಿ ಬಹಳ ಕಾಲದಿಂದ ಒಂದು ಅಂದಾಜಿದೆ. ಕಿಡ್ನಿ ಸೋಸುವ ವೇಗವನ್ನು ಜಿ.ಎಫ್.ಆರ್. ಎನ್ನುತ್ತಾರೆ. ಆರೋಗ್ಯವಂತ ಯುವಕರಲ್ಲಿ ಅದು 90ರ ಮೇಲಿರುತ್ತದೆ. 50ರಿಂದ 10ರ ನಡುವೆ ಬಂದರೆ ಇನ್ಸುಲಿನ್ ಕಾಲು ಭಾಗ ಕಡಿಮೆ, 10ರ ಕೆಳಗೆ ಹೋದರೆ ಅರ್ಧ. ಇದು ಶುರು ಮಾಡುವ ಲೆಕ್ಕ ಅಷ್ಟೇ. ಕಿಡ್ನಿ ಕೆಟ್ಟಾಗ ಮೈ ಇನ್ಸುಲಿನ್ ಮಾತು ಕೇಳದಿರುವುದೂ ಉಂಟು. ಆದ್ದರಿಂದ ಕೆಲವರಿಗೆ ಇಳಿಸಿದ್ದು ಸಾಲುವುದಿಲ್ಲ. ಮೀಟರ್ ನೋಡುತ್ತಾ ವೈದ್ಯರೇ ಹೊಂದಿಸಬೇಕು. ದೊಡ್ಡಪ್ಪ ಕೇಳಿದ ಹಾಗೆ "ಇನ್ನು ಯಾಕೆ?" ಎಂದುಕೊಂಡು ಇನ್ಸುಲಿನ್ ಪೂರ್ತಿ ಬಿಟ್ಟರೆ ಅದು ಬೇರೆಯೇ ಅಪಾಯ. ಡಯಾಲಿಸಿಸ್ ಆಗುವವರಿಗೆ ಆ ದಿನದ ಲೆಕ್ಕವೇ ಬೇರೆ ಬೇಕಾಗಬಹುದು.

ಮೂರು ತಿಂಗಳ ಸರಾಸರಿ ಎಂದು ನಾವು ನಂಬುವ ಎಚ್‌ಬಿಎ1ಸಿ ಪರೀಕ್ಷೆಯೂ ಇಲ್ಲಿ ಕೈಕೊಡಬಹುದು. ಅದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು ಎಣಿಸುತ್ತದೆ. ಕಿಡ್ನಿ ರೋಗಿಗಳಲ್ಲಿ ಆ ಕಣಗಳೇ ಬೇಗ ಸಾಯುತ್ತವೆ. ಸಕ್ಕರೆ ಅಂಟುವಷ್ಟು ಕಾಲವೇ ಬದುಕುವುದಿಲ್ಲ. ರಿಪೋರ್ಟ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇನ್ನು ಲೋ ಶುಗರ್ ಆದಾಗ ಏನು ಕೊಡಬೇಕು ಎನ್ನುವುದು. ಆವತ್ತು ದೊಡ್ಡಪ್ಪನಿಗೆ ದೊಡ್ಡಮ್ಮ ಕೊಡಲು ಹೊರಟದ್ದು ಎಳನೀರು. ಮದ್ದೂರು ಎಂದರೆ ಎಳನೀರಿನ ಮಾರುಕಟ್ಟೆ, ಹಿತ್ತಲಲ್ಲೂ ತೆಂಗು. ಜ್ವರಕ್ಕೆ, ಸುಸ್ತಿಗೆ, ಎಲ್ಲಕ್ಕೂ ಅದೇ ಮದ್ದು. ಆದರೆ ಎಳನೀರಿನಲ್ಲಿ ಪೊಟ್ಯಾಷಿಯಂ ಜಾಸ್ತಿ, ಸಕ್ಕರೆ ಅಷ್ಟಿಲ್ಲ. ಸೋತ ಕಿಡ್ನಿ ಪೊಟ್ಯಾಷಿಯಂ ಹೊರಹಾಕಲಾರದು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಕಿತ್ತಳೆ ರಸದ್ದೂ ಇದೇ ಕಥೆ. ಆಲೆಮನೆಯ ಬೆಲ್ಲದಲ್ಲೂ ಪೊಟ್ಯಾಷಿಯಂ ಇದೆ. ಇದ್ದುದರಲ್ಲಿ ಸುರಕ್ಷಿತವಾದದ್ದು ಬಿಳಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ. 1933ರಿಂದ ಸಕ್ಕರೆ ಕಾರ್ಖಾನೆ ಇಟ್ಟುಕೊಂಡ ಜಿಲ್ಲೆಗೆ ಇದಕ್ಕಿಂತ ಸುಲಭದ ಔಷಧಿ ಬೇಕೇ! ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ಸ್ವಲ್ಪವೇ ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಏರಿದ ಶುಗರ್ ಮತ್ತೆ ಇಳಿಯಬಹುದು, ಏಕೆಂದರೆ ಇನ್ಸುಲಿನ್ ಇನ್ನೂ ಒಳಗೇ ಇದೆ. ಎರಡು ಗಂಟೆಯಾದರೂ ಒಬ್ಬರು ಪಕ್ಕದಲ್ಲಿರಬೇಕು.

ಸಿರಿಂಜಿನ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್! ಗಟ್ಟಿ ಕಿಡ್ನಿಯವರಿಗೇ ಇದು ಅಪಾಯ, ಸೋತ ಕಿಡ್ನಿಯವರ ಪಾಡು ಕೇಳಬೇಡಿ. ಅಂಗಡಿಯಲ್ಲಿ "ಸುಮ್ನೆ ಯಾವುದೋ ಒಂದು ಕೊಡಿ" ಅನ್ನಬೇಡಿ. ಹಳೆ ಬಾಟಲಿ ತೆಗೆದುಕೊಂಡು ಹೋಗಿ ತೋರಿಸಿ.

ಈಗ ವಾರಕ್ಕೊಮ್ಮೆ ಚುಚ್ಚುವ ಇಂಜೆಕ್ಷನ್‌ಗಳ ಮಾತು ಮೈಸೂರಿನಲ್ಲೂ ಜೋರಾಗಿದೆ, ಹೆಚ್ಚಾಗಿ ತೂಕ ಇಳಿಸುವ ಆಸೆಗೆ. ಇವು ಇನ್ಸುಲಿನ್ ಅಲ್ಲ. ಕರುಳಿನ ಒಂದು ಹಾರ್ಮೋನನ್ನು ಅನುಕರಿಸುವ ಔಷಧಿಗಳು. ಅವುಗಳಲ್ಲೊಂದು ಸೆಮಾಗ್ಲುಟೈಡ್. ಅದನ್ನು ಶುಗರ್ ಮತ್ತು ಕಿಡ್ನಿ ರೋಗ ಎರಡೂ ಇರುವ 3533 ಜನರಲ್ಲಿ ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಕಿಡ್ನಿ ಪೂರ್ತಿ ಕೆಡುವಂಥ ದೊಡ್ಡ ಅನಾಹುತಗಳ ಅಪಾಯ ಶೇ. 24ರಷ್ಟು ಇಳಿದಿತ್ತು. ಕಿಡ್ನಿ ಸೋತಿದೆಯೆಂದು ಇದರ ಡೋಸ್ ಇಳಿಸಬೇಕಿಲ್ಲ. ಅದೇ ಬಳಗದ ಹಳೆಯ ಔಷಧಿ ಎಕ್ಸೆನಾಟೈಡ್ ಹಾಗಲ್ಲ. ಒಂದು ವಿಷದ ಹಲ್ಲಿಯ ಜೊಲ್ಲಿನಲ್ಲಿ ಮೊದಲು ಸಿಕ್ಕ ಪದಾರ್ಥ ಅದು. ದೇಹದಿಂದ ಹೊರಹೋಗಲು ಅದಕ್ಕೆ ಕಿಡ್ನಿಯೇ ಬೇಕು. ಆದ್ದರಿಂದ ಕಿಡ್ನಿ ತೀರಾ ಸೋತವರಿಗೆ ಕೊಡುವುದಿಲ್ಲ. ಒಂದೇ ಬಳಗ, ಎರಡು ಗುಣ. ಸೆಮಾಗ್ಲುಟೈಡ್‌ನಿಂದಲೂ ವಾಂತಿ ಭೇದಿ ಆಗುವುದುಂಟು. ಅದರಿಂದ ಮೈಯ ನೀರಿನಂಶ ಬತ್ತಿದರೆ ಕಿಡ್ನಿಯಲ್ಲಿ ಉಳಿದಿರುವ ಶಕ್ತಿಗೂ ಪೆಟ್ಟು. ಮೂರು ಹೊತ್ತು ವಾಂತಿ ಮಾಡಿಕೊಂಡು ಮನೆಯಲ್ಲೇ ಮಲಗಬಾರದು. ಶುರು ಮಾಡುವ ಮೊದಲು ಕಣ್ಣಿನ ಪರದೆಯನ್ನೂ ತೋರಿಸಿಕೊಳ್ಳಬೇಕು. ಇನ್ಸುಲಿನ್ ಜೊತೆಗೆ ಇದನ್ನೂ ಸೇರಿಸಿದರೆ ಇನ್ಸುಲಿನ್ ಡೋಸ್ ಮತ್ತೆ ನೋಡಿಸಬೇಕು.

ನಮ್ಮ ಮನೆಯ ತಪ್ಪು ನಮ್ಮದೇ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಅಂದರೆ ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಎಂಬ ರಿಪೋರ್ಟ್ ಹಿಂದಿನ ವರ್ಷವೇ ಬಂದಿತ್ತು. ಅದು ಟ್ರಂಕಿನಲ್ಲಿ, ಪಹಣಿ ಕಾಗದಗಳ ಅಡಿಯಲ್ಲಿ ಮಡಿಸಿಟ್ಟಲ್ಲೇ ಕೂತಿತ್ತು.

ಈಗ ಮೈಸೂರಿನ ವೈದ್ಯರು ಊಟದ ಹೊತ್ತಿಗೆ ಬೇಗ ಕೆಲಸ ಮಾಡಿ ಮುಗಿಸುವ ಇನ್ಸುಲಿನ್ ಬರೆದುಕೊಟ್ಟಿದ್ದಾರೆ. ಎಷ್ಟು ಉಂಡರೆ ಎಷ್ಟು ಯೂನಿಟ್ ಎಂದು ಚೀಟಿಯಲ್ಲಿ ಇದೆ. ದೊಡ್ಡಮ್ಮ ಅದನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದಾರೆ. ಸಿರಿಂಜ್ ಕೈಗೆತ್ತಿಕೊಳ್ಳುವ ಮೊದಲು ಒಳಗಿಂದಲೇ ಕೂಗುತ್ತಾರೆ: "ಅರ್ಧ ಮುದ್ದೆಯೋ, ಒಂದು ಮುದ್ದೆಯೋ, ಮೊದ್ಲು ಹೇಳ್ಬುಡಿ."